ವಾಟ್ಸನ್ ಹೋಟೆಲ್ ಕೆಡವುವುದೂ ಬೇಡ, ಬೀಗ ಹಾಕಿಡುವುದೂ ಬೇಡ. ಅಲ್ಲಿ ಸರಿಯಾದ ಮನೆಗಳಾಗಲಿ

ಮಾನ್ಯ ಸಂಪಾದಕರೇ,

ಮುಂಬಯಿ ಕಾಲಾಘೋಡಾದ ವಾಟ್ಸನ್ ಹೋಟೆಲ್ ಕಟ್ಟಡದ ಮಾತು ಬಂದಾಗಲೆಲ್ಲ ಎರಡೇ ಬಗೆಯ ಅಭಿಪ್ರಾಯ ಕಿವಿಗೆ ಬೀಳುತ್ತದೆ. ಒಂದು, ಅಪಾಯ, ಕೆಡವಿಬಿಡಿ ಅನ್ನುವುದು. ಇನ್ನೊಂದು, ಯಾರನ್ನೂ ಒಳಗೆ ಬಿಡಬೇಡಿ, ಮ್ಯೂಸಿಯಂ ಮಾಡಿ ಅನ್ನುವುದು. ನನಗೆ ಎರಡೂ ಒಪ್ಪಿಗೆಯಿಲ್ಲ. ಆ ಕಟ್ಟಡ ಉಳಿಯಬೇಕು, ಅದರಲ್ಲಿ ಜನ ವಾಸ ಮಾಡಬೇಕು. ಒಂದು ಸಲ ಅಲ್ಲಿ ಜನ ವಾಸ ಮಾಡಿ ಕೆಟ್ಟುಹೋಗಿದೆ, ಮತ್ತೆ ಅದೇ ಕೇಳ್ತೀರಾ ಅಂತ ನಿಮ್ಮ ಓದುಗರು ಕೇಳಬಹುದು. ಕೆಟ್ಟಿದ್ದು ಜನ ಇದ್ದುದರಿಂದ ಅಲ್ಲ ಅಂತ ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪೂರ್ತಿ ಪ್ರಕಟಿಸಿ.

ಊರಿನಲ್ಲಿರುವ ಓದುಗರಿಗಾಗಿ ಮೊದಲು ಇದು ಯಾವ ಕಟ್ಟಡ ಅಂತ ಹೇಳಿಬಿಡುತ್ತೇನೆ. ಫೋರ್ಟ್ ಕಡೆಯಿಂದ ಕೊಲಾಬಾಕ್ಕೆ ಹೋಗುವಾಗ ಡೇವಿಡ್ ಸಸೂನ್ ಲೈಬ್ರರಿ, ಎಲ್ಫಿನ್‌ಸ್ಟನ್ ಕಾಲೇಜು, ಆರ್ಮಿ ಆ್ಯಂಡ್ ನೇವಿ ಬಿಲ್ಡಿಂಗ್ ಇರುವ ಸಾಲು ಸಿಗುತ್ತದಲ್ಲ, ಆ ಸಾಲಿನ ಕಟ್ಟಡ ಇದು. ಈಗಿನ ಹೆಸರು ಎಸ್ಪ್ಲನೇಡ್ ಮ್ಯಾನ್ಷನ್. ಜಾನ್ ವಾಟ್ಸನ್ ಅನ್ನುವ ಬಟ್ಟೆ ವ್ಯಾಪಾರಿ 1860ರ ದಶಕದ ಕೊನೆಯಲ್ಲಿ ಕಟ್ಟಿಸಿದ್ದು, 1871ರಲ್ಲಿ ಹೋಟೆಲ್ ಆಗಿ ಶುರುವಾಯಿತು. ಸುಮಾರು 130 ಕೋಣೆ, ಐದು ಮಹಡಿ. ಇದರ ವಿಶೇಷ ಏನೆಂದರೆ ಇಡೀ ಕಟ್ಟಡ ನಿಂತಿರುವುದು ಕಬ್ಬಿಣದ ಚೌಕಟ್ಟಿನ ಮೇಲೆ. ಎರಕದ ಕಬ್ಬಿಣದ ಕಂಬ ಮತ್ತು ಉಳಿದ ಭಾಗಗಳನ್ನೆಲ್ಲ ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿದರು. ಆಗ ಮುಂಬಯಿಯಲ್ಲಿ ಹಾಗೆ ಕಟ್ಟುವುದನ್ನು ಯಾರೂ ನೋಡಿರಲಿಲ್ಲ. ನಮ್ಮ ದೇಶದಲ್ಲಿ ಉಳಿದಿರುವ ಈ ಬಗೆಯ ಕಟ್ಟಡಗಳಲ್ಲಿ ಇದೇ ಅತಿ ಹಳೆಯದು ಅಂತ ತಿಳಿದವರು ಹೇಳುತ್ತಾರೆ.

1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಇದೇ ಹೋಟೆಲಿನಲ್ಲಿ. ಟಿಕೆಟ್ಟಿಗೆ ಒಂದು ರೂಪಾಯಿ. ಆರು ಪುಟ್ಟ ಪುಟ್ಟ ಚಿತ್ರಗಳು. ಈ ದೇಶದ ಎಲ್ಲ ಭಾಷೆಯ ಸಿನಿಮಾಕ್ಕೂ, ನಮ್ಮ ಕನ್ನಡ ಸಿನಿಮಾಕ್ಕೂ, ಮೊದಲ ಬೆಳಕು ಬಿದ್ದ ಜಾಗ ಅದು. ಜಮ್ಷೆಟ್‌ಜಿ ಟಾಟಾ ಅವರನ್ನು ಇಲ್ಲಿ ಒಳಗೆ ಬಿಡಲಿಲ್ಲ, ಅದಕ್ಕೇ ಅವರು ತಾಜ್ ಕಟ್ಟಿಸಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಗಟ್ಟಿ ಆಧಾರ ಇಲ್ಲ, ಇತಿಹಾಸ ಬಲ್ಲ ಅನೇಕರು ಅದನ್ನು ಒಪ್ಪುವುದಿಲ್ಲ. ಆದರೆ 1903ರಲ್ಲಿ ತಾಜ್ ತೆರೆದ ಮೇಲೆ ವಾಟ್ಸನ್ ಹೋಟೆಲಿನ ಕಳೆ ಹೋಯಿತು ಅನ್ನುವುದು ನಿಜ. ಮುಂದೆ ಹೋಟೆಲೇ ಮುಚ್ಚಿತು.

ಆಮೇಲೆ ಆದದ್ದನ್ನೇ ನಾವು ಗಮನಿಸಬೇಕು.

ಹೋಟೆಲ್ ಮುಚ್ಚಿದ ಮೇಲೆ ಕಟ್ಟಡವನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟರು. ದೊಡ್ಡ ಕೋಣೆಗೆ ಹಲಗೆಯ ಗೋಡೆ ಹೊಡೆದು ಎರಡು, ಮೂರು ಖೋಲಿ ಮಾಡಿದರು. ಕೆಲವದರಲ್ಲಿ ಸಂಸಾರ, ಕೆಲವದರಲ್ಲಿ ಆಫೀಸು. ಹೈಕೋರ್ಟು, ಸೆಷನ್ಸ್ ಕೋರ್ಟು ಎರಡೂ ನಡೆದು ಹೋಗುವಷ್ಟು ಹತ್ತಿರ ಇರುವುದರಿಂದ ವಕೀಲರ ಆಫೀಸುಗಳೇ ಜಾಸ್ತಿ. ನಾನು ಫೋರ್ಟಿನಲ್ಲಿ ಕೆಲಸದಲ್ಲಿದ್ದ ಕಾಲಕ್ಕೆ ಕಾಗದಪತ್ರದ ಕೆಲಸಕ್ಕೆ ಆ ಮೆಟ್ಟಿಲು ಹತ್ತಿದವನು. ಒಳಗೆ ಹೋದರೆ ಮೇಲೆ ನೋಡಬೇಕೋ ಕೆಳಗೆ ನೋಡಬೇಕೋ ಗೊತ್ತಾಗುತ್ತಿರಲಿಲ್ಲ. ಹಿಂದೆ ಗಾಜಿನ ಮಾಡಿನಿಂದ ಬೆಳಕು ಇಳಿಯುತ್ತಿದ್ದ ನಡು ಅಂಗಳ, ಅದರ ಸುತ್ತ ಚಂದದ ಕಬ್ಬಿಣದ ಕಟಕಟೆ, ಆ ಕಟಕಟೆಗೆ ಕಟ್ಟಿದ ವೈರು, ಪೈಪು, ಬೋರ್ಡು, ಹಳೆ ಫೈಲುಗಳ ಗಂಟು. ಆದರೂ ಒಳಗಿದ್ದವರು ಕೆಟ್ಟವರಲ್ಲ. ಅವರವರ ಖೋಲಿ ಎಷ್ಟು ಒಪ್ಪವಾಗಿತ್ತು ಗೊತ್ತಾ? ಬಾಗಿಲ ಒಳಗೆ ಬಣ್ಣ, ದೇವರ ಪಟ, ಒರೆಸಿದ ನೆಲ. ಬಾಗಿಲ ಹೊರಗಿನದಕ್ಕೆ ಮಾತ್ರ ವಾರಸುದಾರರೇ ಇರಲಿಲ್ಲ.

ಇದೇ ಆ ಕಟ್ಟಡದ ರೋಗ. ಕಬ್ಬಿಣದ್ದಲ್ಲ, ವಯಸ್ಸಿನದ್ದೂ ಅಲ್ಲ.

ಮುಂಬಯಿಯ ಹಳೆ ಬಾಡಿಗೆ ಕಾನೂನು ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸಬಹುದು. 1947ರ ಕಾಯ್ದೆಯಲ್ಲಿ ಬಾಡಿಗೆಯನ್ನು 1940ರ ಸೆಪ್ಟೆಂಬರ್‌ನಲ್ಲಿ ಇದ್ದ ಮಟ್ಟಕ್ಕೆ ಕಟ್ಟಿಹಾಕಿದರು. ಯುದ್ಧದ ಕಾಲ, ಆಮೇಲೆ ವಿಭಜನೆ, ಊರಿಗೆ ಜನ ನುಗ್ಗಿ ಬರುತ್ತಿದ್ದರು, ಬಡವರನ್ನು ಬೀದಿಗೆ ಹಾಕಬಾರದು ಅನ್ನುವ ಒಳ್ಳೆಯ ಉದ್ದೇಶವೇ ಅದು. ಆದರೆ ಆ ಬಾಡಿಗೆ ದಶಕಗಟ್ಟಲೆ ಹೆಚ್ಚುಕಡಿಮೆ ಅಲ್ಲೇ ನಿಂತುಬಿಟ್ಟಿತು. 1999ರಲ್ಲಿ ಹೊಸ ಕಾಯ್ದೆ ಬಂದು ಪಗಡಿಗೂ, ಅಂದರೆ ಖೋಲಿ ಹಿಡಿಯುವಾಗ ಬಾಡಿಗೆಯ ಹೊರತಾಗಿ ಒಮ್ಮೆಗೇ ಕೊಡುವ ದೊಡ್ಡ ಮೊತ್ತಕ್ಕೂ, ಕಾನೂನಿನ ಒಪ್ಪಿಗೆ ಸಿಕ್ಕಿತು, ಬಾಡಿಗೆ ಮಾತ್ರ ಏರಿದ್ದು ಚೂರುಪಾರು. ನಾನು ಗಿರ್‌ಗಾಂವ್‌ನ ಒಂದು ಚಾಳಿನಲ್ಲಿ ಹಾಗೆ ಪಗಡಿ ಖೋಲಿಯಲ್ಲಿ ಸಂಸಾರ ಮಾಡಿದವನು. ಮಾಳಿಗೆಯಿಂದ ನೀರು ಸೋರಿದರೆ ಮಾಲೀಕರು, ನೀವು ಕೊಡುವ ಬಾಡಿಗೆಗೆ ಒಂದು ಚೀಲ ಸಿಮೆಂಟೂ ಬರುವುದಿಲ್ಲ ಅನ್ನುತ್ತಿದ್ದರು. ನಾವು, ಕಟ್ಟಡ ನಿಮ್ಮದು, ರಿಪೇರಿ ನೀವೇ ಮಾಡಿ ಅನ್ನುತ್ತಿದ್ದೆವು. ಇಬ್ಬರ ಮಾತೂ ಸುಳ್ಳಲ್ಲ. ನೀರು ಸೋರುವುದೂ ನಿಲ್ಲಲಿಲ್ಲ.

ಈಗ ಇದನ್ನು ಕಬ್ಬಿಣದ ಕಟ್ಟಡಕ್ಕೆ ಹಚ್ಚಿ ನೋಡಿ. ಹೋಟೆಲಿನ ಕೋಣೆ ಅಂದರೆ ಮಲಗುವ ಕೋಣೆ. ಅಲ್ಲಿ ಅಡುಗೆಮನೆ ಇರುವುದಿಲ್ಲ, ಪಾತ್ರೆ ತೊಳೆಯುವ ಮೋರಿ ಇರುವುದಿಲ್ಲ. ಸಂಸಾರ ಬಂದ ಕೂಡಲೇ ಮೂಲೆಯಲ್ಲಿ ಮೋರಿ, ಒಲೆ, ನೀರಿನ ಡ್ರಮ್ಮು ಬರುತ್ತದೆ. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮಾಡಿಕೊಂಡರೆ ನೀರು ಎಲ್ಲೆಲ್ಲಿಂದಲೋ ಇಳಿಯುತ್ತದೆ. ಮೂರನೇ ಮಾಳಿಗೆಯ ಮೋರಿ ಎರಡನೇ ಮಾಳಿಗೆಯ ತೊಲೆಯ ಮೇಲೆ ಸೋರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಬರೀ ಸವೆಯುವುದಿಲ್ಲ, ಉಬ್ಬುತ್ತದೆ, ಉಬ್ಬಿ ಪಕ್ಕದ ಇಟ್ಟಿಗೆ, ಗಾರೆಯನ್ನು ಸೀಳುತ್ತದೆ. ಎರಕದ ಕಬ್ಬಿಣದ ಗುಣ ಇನ್ನೂ ಬೇರೆ. ಮೇಲಿನಿಂದ ತುಂಬ ಭಾರ ಬಿದ್ದರೂ ತಾಳಿಕೊಳ್ಳುತ್ತದೆ. ಎಳೆತ, ಬಾಗು ತಾಳುವುದಿಲ್ಲ. ಬಗ್ಗಿ ಮುನ್ಸೂಚನೆ ಕೊಡುವ ಜಾತಿಯೇ ಅಲ್ಲ ಅದು, ಫಟ್ಟಂತ ಒಡೆಯುತ್ತದೆ. ಬಾಲ್ಕನಿಗೆ ಗೋಡೆ ಕಟ್ಟಿ ಖೋಲಿ ಮಾಡಿಕೊಂಡು, ಅದರ ಮೇಲೆ ಕಪಾಟು, ಟ್ಯಾಂಕು ಇಟ್ಟು, ಹೊರಗೆ ಏಸಿ ತೂಗುಹಾಕಿದರೆ ಅದು ಎಷ್ಟು ದಿನ ತಡೆದೀತು?

2005ರಲ್ಲಿ ಬಾಲ್ಕನಿಯ ಒಂದು ಭಾಗ ಕಳಚಿ ಬಿದ್ದು ಒಂದು ಜೀವ ಹೋಯಿತು. ಅದೇ ಸುಮಾರಿಗೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಜಗತ್ತಿನ ಅತಿ ಅಪಾಯದಲ್ಲಿರುವ ನೂರು ಸ್ಮಾರಕಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಆಮೇಲೂ ಅಂಥ ದೊಡ್ಡ ಕೆಲಸ ಏನೂ ಆಗಲಿಲ್ಲ. 2019ರಲ್ಲಿ ಐಐಟಿಯವರು ಪರಿಶೀಲಿಸಿ ಇದು ರಿಪೇರಿಗೆ ಮೀರಿದ್ದು, ಕೆಡವುವುದೇ ಲೇಸು ಅಂತ ವರದಿ ಕೊಟ್ಟರು. ಹೈಕೋರ್ಟಿನ ವಿಚಾರಣೆಯ ನಡುವೆ ಬಾಡಿಗೆದಾರರನ್ನೆಲ್ಲ ಖಾಲಿ ಮಾಡಿಸಿದರು. ಪರಂಪರೆಯ ಕಟ್ಟಡಗಳ ಕೆಲಸ ಬಲ್ಲ ಎಂಜಿನಿಯರುಗಳು, ಆರ್ಕಿಟೆಕ್ಟುಗಳು ಆ ವರದಿಯನ್ನು ಒಪ್ಪಲಿಲ್ಲ, ಇದನ್ನು ಉಳಿಸಬಹುದು ಅಂದರು. ನಾನು ಎಂಜಿನಿಯರ್ ಅಲ್ಲ. ಆದರೂ ಒಂದು ಮಾತು ಸಾಮಾನ್ಯ ಬುದ್ಧಿಗೂ ಹೊಳೆಯುತ್ತದೆ. ಈ ಕಟ್ಟಡ ಬಿಡಿಭಾಗ ತಂದು ಜೋಡಿಸಿದ್ದು. ಜೋಡಿಸಿದ್ದರಲ್ಲಿ ಕೆಟ್ಟ ಭಾಗವನ್ನು ತೆಗೆದು, ಅದೇ ಅಚ್ಚಿನಲ್ಲಿ ಎರಕ ಹೊಯ್ದು ಹೊಸದು ಕೂರಿಸುವುದು ಕಲ್ಲಿನ ಕಟ್ಟಡಕ್ಕಿಂತ ಇದರಲ್ಲೇ ಸುಲಭ ಅಲ್ವಾ? ಕಷ್ಟ ಇರುವುದು ಹಣದಲ್ಲಿ, ಮತ್ತು ಹಣ ಯಾರು ಕೊಡಬೇಕು ಅನ್ನುವುದರಲ್ಲಿ.

ಹಳೆ ಹೋಟೆಲನ್ನು ವಾಸಕ್ಕೆ ಕೊಡುವುದು ಹೊಸ ಮಾತೇನೂ ಅಲ್ಲ. ಇಲ್ಲೇ ಹತ್ತಿರ, ರೀಗಲ್ ಟಾಕೀಸಿನ ಎದುರು ಮೆಜೆಸ್ಟಿಕ್ ಹೋಟೆಲ್ ಇತ್ತು. ಅದು ಶಾಸಕರ ವಸತಿಗೃಹವಾಯಿತು, ಕೆಳಗೆ ಸಹಕಾರಿ ಭಂಡಾರ್ ಬಂತು. ಆದರೆ ನನಗೆ ಹೆಚ್ಚು ಹೇಳಬೇಕಾದದ್ದು ಲಂಡನ್ನಿನ ಒಂದು ಹೋಟೆಲಿನ ಬಗ್ಗೆ, ಯಾಕೆಂದರೆ ಅದಕ್ಕೂ ನಮ್ಮ ವಾಟ್ಸನ್‌ಗೂ ನೆಂಟಸ್ತಿಕೆ ಇದೆ. ವಾಟ್ಸನ್ ಹೋಟೆಲಿನ ವಿನ್ಯಾಸ ಮಾಡಿದ ಎಂಜಿನಿಯರ್ ರೋಲಂಡ್ ಮೇಸನ್ ಆರ್ಡಿಶ್. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಆ ದೊಡ್ಡ ಕಬ್ಬಿಣದ ಕಮಾನು ಮಾಡು, ಸುಮಾರು 240 ಅಡಿ ಅಗಲ, ನಡುವೆ ಒಂದು ಕಂಬವೂ ಇಲ್ಲ, ಅದರಲ್ಲಿ ಎಂಜಿನಿಯರ್ ಬಾರ್ಲೋ ಅವರ ಜೊತೆ ಕೆಲಸ ಮಾಡಿದವರು ಇವರೇ. ಲಂಡನ್ನಿನ ಆಲ್ಬರ್ಟ್ ಸೇತುವೆ, ಸಿಂಗಪುರದ ಕ್ಯಾವೆನಾ ಸೇತುವೆ ಕೂಡ ಅವರ ವಿನ್ಯಾಸವೇ. ಎರಡೂ ಇಂದಿಗೂ ನಿಂತಿವೆ, ಸಿಂಗಪುರದ್ದರ ಮೇಲೆ ಈಗ ಜನ ನಡೆದಾಡುತ್ತಾರೆ. ಅಂಥವರ ಕೆಲಸವನ್ನು ನಮ್ಮೂರಿನಲ್ಲಿ ಕೆಡವಿ ಅಂತ ಬರೆದುಕೊಟ್ಟರು. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಆ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ಮುಂದೆ 1873ರಲ್ಲಿ ಮಿಡ್ಲ್ಯಾಂಡ್ ಗ್ರ್ಯಾಂಡ್ ಅನ್ನುವ ಹೋಟೆಲ್ ತೆರೆಯಿತು. ಕೆಂಪು ಇಟ್ಟಿಗೆಯ ಅರಮನೆ ಹಾಗಿದೆ. ಸುಮಾರು 300 ಕೋಣೆ, ಬಚ್ಚಲು ಮಾತ್ರ ಬೆರಳೆಣಿಕೆ. ದಪ್ಪ ಗೋಡೆ, ಕಾಂಕ್ರೀಟಿನ ನೆಲ, ಪೈಪು ಎಳೆಯಲು ದಾರಿಯಿಲ್ಲ. ಜನ ಕೋಣೆಗೊಂದು ಬಚ್ಚಲು ಕೇಳುವ ಕಾಲ ಬಂದಾಗ ಹೋಟೆಲ್ ಸೋತಿತು, 1935ರಲ್ಲಿ ಮುಚ್ಚಿತು. ಆಮೇಲೆ ರೈಲ್ವೆಯ ಆಫೀಸಾಯಿತು. 1960ರ ದಶಕದಲ್ಲಿ ಕೆಡವುವ ಮಾತು ಎದ್ದಿತು. ಅಲ್ಲಿಯ ಜನ ಗಲಾಟೆ ಮಾಡಿದರು, 1967ರಲ್ಲಿ ಅದಕ್ಕೆ ಮೊದಲ ದರ್ಜೆಯ ರಕ್ಷಣೆ ಸಿಕ್ಕಿತು. ಅಗ್ನಿ ಸುರಕ್ಷೆ ಸಾಲದು ಅಂತ 1980ರ ದಶಕದಲ್ಲಿ ಆಫೀಸೂ ಖಾಲಿಯಾಯಿತು. ಕೊನೆಗೆ 2011ರಲ್ಲಿ ತೆರೆದಾಗ ಕೆಳಗೆ ಹೋಟೆಲ್, ಮೇಲಿನ ಮಹಡಿಗಳಲ್ಲಿ 67 ಫ್ಲಾಟು. ಗಡಿಯಾರದ ಗೋಪುರದಲ್ಲೂ ಮನೆ ಇದೆ.

ಆ ಫ್ಲಾಟುಗಳು ದುಡ್ಡಿದ್ದವರಿಗೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಅದೇ ಮಾದರಿ ಇಲ್ಲಿ ಬೇಕು ಅಂತಲೂ ಹೇಳುತ್ತಿಲ್ಲ. ನಾನು ನೋಡುವುದು ಬೇರೆಯದನ್ನು. ಅಲ್ಲಿ ಮೊದಲು ಇಡೀ ಕಟ್ಟಡಕ್ಕೆ ಒಂದೇ ನಕ್ಷೆ ಬಂತು, ಪೈಪು ಎಲ್ಲಿ ಇಳಿಯಬೇಕು, ಬೆಂಕಿ ಬಿದ್ದರೆ ಜನ ಎಲ್ಲಿಂದ ಓಡಬೇಕು ಅಂತ ತೀರ್ಮಾನವಾಯಿತು, ಆಮೇಲೆ ಜನ ಬಂದರು. ನಮ್ಮಲ್ಲಿ ಮೊದಲು ಜನ ಬಂದರು, ನಕ್ಷೆ ಬರಲೇ ಇಲ್ಲ.

ಹಾಗಾದರೆ ವಾಟ್ಸನ್‌ನಲ್ಲಿ ಏನು ಮಾಡಬೇಕು? ನನ್ನ ಲೆಕ್ಕದಲ್ಲಿ 130 ಕೋಣೆಗೆ 130 ಮನೆ ಮಾಡುವ ಆಸೆ ಬಿಡಬೇಕು. ಎರಡು ಮೂರು ಕೋಣೆ ಸೇರಿಸಿ ಒಂದು ಮನೆ ಮಾಡಿದರೆ ಮನೆಗಳು ಕಡಿಮೆಯಾಗುತ್ತವೆ ನಿಜ, ಆದರೆ ಅಡುಗೆಮನೆ, ಬಚ್ಚಲು ಎಲ್ಲ ಮಹಡಿಯಲ್ಲೂ ಒಂದರ ಮೇಲೊಂದು ಬರುವ ಹಾಗೆ ಇಡಬಹುದು. ಆಗ ನೀರಿನ ಪೈಪು ಒಂದೇ ಕೊಳವೆದಾರಿಯಲ್ಲಿ ಇಳಿಯುತ್ತದೆ. ಎಲ್ಲಿ ಸೋರಿದರೂ ಕಣ್ಣಿಗೆ ಕಾಣುತ್ತದೆ, ಕಬ್ಬಿಣಕ್ಕೆ ತಾಗುವ ಮೊದಲೇ ಸರಿಮಾಡಬಹುದು. ಬಾಲ್ಕನಿಗೆ ಯಾರೂ ಗೋಡೆ ಕಟ್ಟುವಂತಿಲ್ಲ, ಏಸಿ ತೂಗುಹಾಕುವಂತಿಲ್ಲ ಅಂತ ಕರಾರಿನಲ್ಲೇ ಬರೆಯಬೇಕು. ಗ್ಯಾಸ್ ಸಿಲಿಂಡರ್ ಬೇಡವೇ ಬೇಡ. ಬೆಂಕಿಯಲ್ಲಿ ಕಾದ ಎರಕದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಅದು ಸೀಳಿಬಿಡುತ್ತದೆ, ಅಂದರೆ ಬೆಂಕಿ ಆರಿಸಲು ಬಂದವರ ನೀರೇ ಕಂಬಕ್ಕೆ ಮುಳುವಾಗಬಹುದು. ಹಾಗಾಗಿ ಕಂಬಗಳಿಗೆ ಬೆಂಕಿ ತಡೆಯುವ ಲೇಪ, ಪ್ರತಿ ಮಹಡಿಗೂ ಎರಡನೇ ಮೆಟ್ಟಿಲು, ವಿದ್ಯುತ್ ಒಲೆ. ಇವು ದುಬಾರಿ, ಆದರೆ ಇವುಗಳಲ್ಲಿ ಒಂದನ್ನೂ ಬಿಡುವ ಹಾಗಿಲ್ಲ.

ನೆಲಮಹಡಿಯಲ್ಲಿ ಅಂಗಡಿ, ಚಹಾದ ಹೋಟೆಲು ಮೊದಲಿನ ಹಾಗೇ ಇರಲಿ. ಆ ಬಾಡಿಗೆಯಿಂದ ಮೇಲಿನ ಮಹಡಿಗಳ ಖರ್ಚು ಸ್ವಲ್ಪ ಹಗುರವಾಗುತ್ತದೆ. ಚಲನಚಿತ್ರ ಮೊದಲು ತೋರಿಸಿದ ನೆನಪಿಗೆ ಒಂದು ಹಾಲನ್ನು ಸಾರ್ವಜನಿಕರಿಗೆ ಬಿಡಬೇಕು. ಮ್ಯೂಸಿಯಂ ಬೇಕು ಅನ್ನುವವರಿಗೂ ಅಷ್ಟು ಸಾಕು ಅಂತ ನನ್ನ ಭಾವನೆ, ಇಡೀ ಐದು ಮಹಡಿ ಮ್ಯೂಸಿಯಂ ಮಾಡಿದರೆ ಅದನ್ನು ನೋಡಿಕೊಳ್ಳಲು ಪ್ರತಿ ವರ್ಷ ಸರ್ಕಾರದ ಮುಂದೆ ಕೈಚಾಚಬೇಕಾಗುತ್ತದೆ.

ಇನ್ನು ಆ ಮನೆಗಳು ಯಾರಿಗೆ? ಮೊದಲು 2019ರಲ್ಲಿ ಹೊರಗೆ ಬಂದ ಬಾಡಿಗೆದಾರರಿಗೆ. ಅವರ ಹಕ್ಕನ್ನು ತೀರಿಸದೆ ಯಾವ ಯೋಜನೆಯೂ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಆಫೀಸು ಇದ್ದವರಿಗೆ ಕೆಳಗಿನ ಒಂದು ಮಹಡಿ ಕೊಡಬಹುದು. ಉಳಿದದ್ದರಲ್ಲಿ ಒಂದು ಪಾಲು ಮಾರುಕಟ್ಟೆ ಬೆಲೆಗೆ ಹೋಗಲಿ, ರಿಪೇರಿಯ ದುಡ್ಡು ಅಲ್ಲಿಂದಲೇ ಬರಬೇಕು. ಇನ್ನೊಂದು ಪಾಲು ಫೋರ್ಟಿನಲ್ಲಿ ದುಡಿಯುವವರಿಗೆ ಬಾಡಿಗೆಗೆ ಸಿಗಲಿ.

ಈ ಕೊನೆಯದನ್ನು ನಾನು ಸುಮ್ನೆ ಸೇರಿಸಿದ್ದಲ್ಲ. ಫೋರ್ಟ್ ಏರಿಯಾದ ಕನ್ನಡಿಗರ ಕಥೆ ನಿಮಗೇ ಗೊತ್ತು. ಉಡುಪಿ, ಮಂಗಳೂರು ಕಡೆಯ ಎಷ್ಟು ಹುಡುಗರು ಇಲ್ಲಿಯ ಹೋಟೆಲುಗಳಲ್ಲಿ ದಿನವಿಡೀ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಮೇಜು ಬದಿಗೆ ಸರಿಸಿ ಮಲಗಿ ದೊಡ್ಡವರಾದರು. ಅವರಿಗೆ ಇಲ್ಲಿ ಮನೆ ಇರಲಿಲ್ಲ. ಮನೆ ಮಾಡುವಾಗ ಡೊಂಬಿವಲಿ, ವಸಾಯಿ, ಮೀರಾರೋಡು ಕಡೆ ಹೋದರು. ಇವತ್ತಿಗೂ ಆಫೀಸು ಬಿಟ್ಟ ಮೇಲೆ ಫೋರ್ಟಿನ ಗಲ್ಲಿಗಳಲ್ಲಿ ಓಡಾಟವೇ ಕಡಿಮೆ. ಅಷ್ಟೊಂದು ಗಟ್ಟಿ ಕಟ್ಟಡಗಳು, ಅಗಲದ ರಸ್ತೆ, ಹತ್ತಿರದಲ್ಲೇ ಎರಡು ದೊಡ್ಡ ರೈಲು ನಿಲ್ದಾಣ, ಮೈದಾನ, ಲೈಬ್ರರಿ, ಕಾಲೇಜು, ಎಲ್ಲ ಇದ್ದೂ ರಾತ್ರಿ ಜನವಿಲ್ಲ. ಅತ್ತ ಜನ ವಿರಾರ್ ಲೋಕಲ್ಲಿನಲ್ಲಿ ಜೋತು ಬೀಳುತ್ತಾರೆ. ಒಂದು ಕಟ್ಟಡದಿಂದ ಇದು ಸರಿಹೋಗುವುದಿಲ್ಲ, ಆದರೆ ಒಂದರಲ್ಲಿ ಮಾಡಿ ತೋರಿಸಿದರೆ ಪಕ್ಕದ ಮುಚ್ಚಿದ ಕಟ್ಟಡದ ಮಾಲೀಕರಿಗೂ ಧೈರ್ಯ ಬರುತ್ತದೆ.

ನಿರ್ವಹಣೆಯ ವಿಷಯ ಬಾಕಿ ಇದೆ. ಮೇಲೆ ಹೇಳಿದ್ದೆಲ್ಲ ಆಗಿ, ಇದೊಂದು ಆಗದಿದ್ದರೆ ನಮ್ಮ ಮಕ್ಕಳು ಇದೇ ಪತ್ರವನ್ನು ಮತ್ತೆ ಬರೆಯಬೇಕಾಗುತ್ತದೆ. ಬಾಗಿಲ ಹೊರಗಿನ ಜಾಗಕ್ಕೆ, ಅಂದರೆ ಮೆಟ್ಟಿಲು, ಮಾಡು, ಕಂಬ, ಬಾಲ್ಕನಿ, ಪೈಪು, ಇಷ್ಟಕ್ಕೂ ಒಬ್ಬ ಹೊಣೆಗಾರ ಬೇಕು. ಮಾಲೀಕರೂ ವಾಸಿಗಳೂ ಪಾಲಿಕೆಯೂ ಸೇರಿದ ಒಂದು ಸೊಸೈಟಿ ಆಗಲಿ ಅಥವಾ ಟ್ರಸ್ಟ್ ಆಗಲಿ. ಮನೆ ಕೈಗೆ ಕೊಡುವ ದಿನವೇ ಮುಂದಿನ ರಿಪೇರಿಗೆ ದೊಡ್ಡ ಮೊತ್ತ ಠೇವಣಿ ಇಡಬೇಕು, ತಿಂಗಳ ಮೆಂಟೆನೆನ್ಸ್ ನಿಜವಾದ ಖರ್ಚಿಗೆ ತಕ್ಕ ಹಾಗೆ ಇರಬೇಕು, ಮಳೆಗಾಲದ ಮೊದಲು ಪ್ರತಿ ವರ್ಷ ಕಬ್ಬಿಣದ ತಪಾಸಣೆ ಆಗಿ ಅದರ ವರದಿ ಮೆಟ್ಟಿಲ ಬಳಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕು. ಕಡಿಮೆ ಬಾಡಿಗೆಯವರಿಗೆ ಮೆಂಟೆನೆನ್ಸ್ ಹೊರೆಯಾದರೆ ಆ ವ್ಯತ್ಯಾಸವನ್ನು ಅಂಗಡಿಗಳ ಬಾಡಿಗೆಯಿಂದ ತುಂಬಲಿ. ಬಡವರಿಗೆ ಸಹಾಯ ಮಾಡುವ ಖರ್ಚನ್ನು ಕಟ್ಟಡದ ಆಯುಸ್ಸಿನಿಂದ ಕಳೆಯಬಾರದು. ಹಳೆ ಬಾಡಿಗೆ ಕಾನೂನಿನಲ್ಲಿ ಆದದ್ದು ಅದೇ.

ಮೈಸೂರಿನ ಓದುಗರಿಗೆ ಇದು ದೂರದ ಊರಿನ ಮಾತು ಅನ್ನಿಸಲಿಕ್ಕಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಗಳು ಹೋದವು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಲ್ಲೂ ಕೆಡವಬೇಕೋ ಉಳಿಸಬೇಕೋ ಅನ್ನುವ ಜಗಳವೇ ವರ್ಷಗಟ್ಟಲೆ ನಡೆಯಿತು. ಉಳಿಸಿದರೆ ಯಾರು ನೋಡಿಕೊಳ್ಳುತ್ತಾರೆ, ಯಾವ ದುಡ್ಡಿನಲ್ಲಿ ಅನ್ನುವ ಪ್ರಶ್ನೆ ಯಾವಾಗಲೂ ಹಿಂದೆ ಬೀಳುತ್ತದೆ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಮ್ಹಾಡಾ (ಮಹಾರಾಷ್ಟ್ರ ಸರ್ಕಾರದ ವಸತಿ ಮಂಡಳಿ), ಪಾಲಿಕೆ, ಪರಂಪರೆ ಸಮಿತಿ, ಈ ಮೂವರೂ ಕೂತು ವಾಟ್ಸನ್ ಕಟ್ಟಡವನ್ನು ವಾಸಕ್ಕೆ ಒಗ್ಗಿಸಲು ಎಷ್ಟು ಖರ್ಚಾಗುತ್ತದೆ, ಎಷ್ಟು ಮನೆಗಳಾಗುತ್ತವೆ, ವರ್ಷದ ನಿರ್ವಹಣೆ ಎಷ್ಟು ಅನ್ನುವ ಒಂದು ಲೆಕ್ಕ ತಯಾರಿಸಿ ಜನರ ಮುಂದೆ ಇಡಲಿ. ಕೆಡವುವ ವರದಿ ಮಾಡಿಸಿದ ಹಾಗೆ ಇದನ್ನೂ ಮಾಡಿಸಲಿ. ನಿಮ್ಮ ಪತ್ರಿಕೆಯ ವರದಿಗಾರರು ಅಲ್ಲಿದ್ದ ಹಳೆ ಬಾಡಿಗೆದಾರರನ್ನು ಹುಡುಕಿ ಮಾತಾಡಿಸಿದರೆ ಇನ್ನೂ ಒಳ್ಳೆಯದು. ಅವರು ಎಲ್ಲಿದ್ದಾರೆ, ಹಿಂದೆ ಬರಲು ಅವರಿಗೆ ಮನಸ್ಸಿದೆಯಾ, ಇದ್ದರೆ ಯಾವ ಷರತ್ತಿನ ಮೇಲೆ ಅನ್ನುವುದು ನಮಗೆಲ್ಲ ತಿಳಿಯಬೇಕು.

ಇತಿ ತಮ್ಮ ವಿಶ್ವಾಸಿ,
ಫೋರ್ಟಿನಲ್ಲಿ ನೌಕರಿ ಮಾಡಿ ನಿವೃತ್ತನಾದ ಓದುಗ, ಮುಂಬಯಿ